ಮುಘಲೆ ಆಝಮ್: ನಾಟಕವು ಚಿತ್ರವಾದಾಗ ಚರಿತ್ರೆಗೆ ಏನಾಯಿತು?

ಭಾರತದ ಮುಸ್ಲಿಮ್ ಅರಸರ ಕುರಿತು ಜನಸಾಮಾನ್ಯರ ಮನದಲ್ಲಿ ನೆಲೆಸಿರುವ ಕಲ್ಪನೆಗಳ ಪೈಕಿ ಬಹುಪಾಲು ಚರಿತ್ರೆಯ ಗ್ರಂಥಗಳಿಂದ ಬಂದವುಗಳಲ್ಲ. ಬೆಳ್ಳಿತೆರೆಯಿಂದ ಇಳಿದು ಬಂದವುಗಳು. ಅಕ್ಬರ್ ಎಂದೊಡನೆ ಎಷ್ಟೋ ಮಂದಿಗೆ ನೆನಪಾಗುವುದು ಅಬುಲ್ ಫಝಲ್‌ನ ಅಕ್ಬರ್‌ನಾಮವಲ್ಲ, ಪೃಥ್ವಿರಾಜ್ ಕಪೂರರ ಗಡಸು ಕಂಠ. ಸಲೀಮ್ ಎಂದರೆ ದಿಲೀಪ್ ಕುಮಾರ್, ಅನಾರ್ಕಲಿ ಎಂದರೆ ಮಧುಬಾಲಾ. ಚರಿತ್ರೆಯ ಪುಟಗಳಲ್ಲಿ ಅನಾರ್ಕಲಿ ಎಂಬ ನರ್ತಕಿ ಎಲ್ಲಿದ್ದಾಳೆಂದು ಕೇಳಿದರೆ ಮಾತ್ರ ಉತ್ತರ ಕೊಡುವವರು ವಿರಳ.

ಈ ಪ್ರಶ್ನೆಯನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಕೆಲವು ವರ್ಷಗಳಿಂದ ಐತಿಹಾಸಿಕವೆಂಬ ಹಣೆಪಟ್ಟಿ ಹೊತ್ತು ಬರುತ್ತಿರುವ ಹಿಂದಿ ಚಿತ್ರಗಳಲ್ಲಿ ಮುಸ್ಲಿಮ್ ಅರಸನೆಂದರೆ ಹಸಿಮಾಂಸ ಹರಿಯುವ ಮೃಗ ಎಂಬಂತೆ ಚಿತ್ರಿಸುವುದು ರೂಢಿಯಾಗುತ್ತಿದೆ. 2018ರ 'ಪದ್ಮಾವತ್' ಚಿತ್ರದ ಅಲಾವುದ್ದೀನ್ ಖಿಲ್ಜಿಯನ್ನು ಕಂಡು ನಮ್ಮಲ್ಲಿ ಹಲವರು ನೊಂದುಕೊಂಡರು. ಚಿತ್ತೋರಿನ ಮುತ್ತಿಗೆ ನಡೆದದ್ದು 1303ರಲ್ಲಿ, ಮಲಿಕ್ ಮುಹಮ್ಮದ್ ಜಾಯಸಿ 'ಪದ್ಮಾವತ್' ಕಾವ್ಯ ಬರೆದದ್ದು 1540ರ ಸುಮಾರಿಗೆ. ಇನ್ನೂರಕ್ಕೂ ಹೆಚ್ಚು ವರ್ಷಗಳ ತರುವಾಯದ ಕಾವ್ಯವನ್ನು ಚರಿತ್ರೆಯೆಂದು ಒಪ್ಪುವುದು ಹೇಗೆಂದು ನಾವು ಕೇಳಿದೆವು. ಕೇಳಿದ್ದು ಸರಿಯೇ. ಆದರೆ ಅದೇ ಅಳತೆಗೋಲನ್ನು ನಾವು ಮೆಚ್ಚುವ ಚಿತ್ರಗಳಿಗೂ ಹಿಡಿಯುತ್ತೇವೆಯೇ? ಮೊಗಲರನ್ನು ಉದಾತ್ತರಾಗಿ ತೋರಿಸಿದ 'ಮುಘಲೆ ಆಝಮ್' ಎದುರಾದಾಗ ನಮ್ಮ ಅಳತೆಗೋಲು ಚೀಲ ಸೇರುತ್ತದೆ. ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕು, ಅದು ಸ್ವತಃ ತಮ್ಮ ವಿರುದ್ಧ, ಹೆತ್ತವರ ವಿರುದ್ಧ, ಬಂಧುಗಳ ವಿರುದ್ಧವಾದರೂ ಸರಿ ಎಂದು ಪವಿತ್ರ ಕುರ್‌ಆನ್ 'ಅನ್ನಿಸಾ' ಅಧ್ಯಾಯದಲ್ಲಿ ಆದೇಶಿಸಿರುವಾಗ, ನಮಗೆ ಹಿತವೆನಿಸುವ ಸುಳ್ಳಿಗೆ ವಿನಾಯಿತಿ ಎಲ್ಲಿಂದ ಬಂತು?

ಚಲನಚಿತ್ರ ವೀಕ್ಷಣೆಯ ಧಾರ್ಮಿಕ ವಿಧಿಯ ಬಗ್ಗೆ ವಿದ್ವಾಂಸರಲ್ಲಿರುವ ಚರ್ಚೆಯನ್ನು ನಾವಿಲ್ಲಿ ಕೆದಕುತ್ತಿಲ್ಲ. ನೋಡುವವರು ನೋಡುತ್ತಲೇ ಇದ್ದಾರೆ, ನೋಡಿದ್ದನ್ನು ನಂಬುತ್ತಲೂ ಇದ್ದಾರೆ. ನಮ್ಮ ಚಿಂತೆ ಆ ನಂಬಿಕೆಯ ಕುರಿತಾದುದು.

ಈ ಚಿತ್ರದ ಬೇರು ಒಂದು ಉರ್ದು ನಾಟಕದಲ್ಲಿದೆ. ಲಾಹೋರಿನ ಇಮ್ತಿಯಾಝ್ ಅಲೀ ತಾಜ್ 1922ರಲ್ಲಿ 'ಅನಾರ್ಕಲಿ'ಯನ್ನು ರಚಿಸಿದಾಗ ಅವರಿಗೆ ಇಪ್ಪತ್ತೆರಡರ ಆಸುಪಾಸಿನ ಪ್ರಾಯ. ಅಕ್ಷರಕ್ಕೆ ಮುಡಿಪಾದ ಮನೆತನ ಅವರದು. ತಂದೆ ಮೌಲವಿ ಸಯ್ಯಿದ್ ಮುಮ್ತಾಝ್ ಅಲೀ ಮುಸ್ಲಿಮ್ ಮಹಿಳೆಯರ ಶಿಕ್ಷಣ ಮತ್ತು ಹಕ್ಕುಗಳಿಗಾಗಿ ಬರೆದವರು. ತಾಯಿ ಮುಹಮ್ಮದೀ ಬೇಗಮ್ 1898ರಲ್ಲಿ ಆರಂಭವಾದ 'ತಹ್ಝೀಬೆ ನಿಸ್ವಾನ್' ಎಂಬ ಮಹಿಳಾ ಪತ್ರಿಕೆಯ ಸಂಪಾದಕಿ. ಮುಸ್ಲಿಮ್ ಹೆಣ್ಣುಮಕ್ಕಳಿಗೆ ಪತ್ರಿಕೆಯೊಂದನ್ನು ಕೊಟ್ಟ ಮನೆಯಿಂದಲೇ ಗೋಡೆಯೊಳಗೆ ಉಸಿರು ಕಳೆದುಕೊಂಡ ಹೆಣ್ಣೊಬ್ಬಳ ಕಥೆ ಹೊರಬಂದುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ತಾಜ್ ತಮ್ಮ ನಾಟಕದ ಬಗ್ಗೆ ಅಪರೂಪದ ಪ್ರಾಮಾಣಿಕತೆ ತೋರಿದರು. ಈ ಕಥೆಗೆ ಐತಿಹಾಸಿಕ ಆಧಾರವಿಲ್ಲ, ತಾನು ಜನಜನಿತ ಐತಿಹ್ಯವನ್ನಷ್ಟೇ ಆಧರಿಸಿದ್ದೇನೆ ಎಂಬುದನ್ನು ಮುನ್ನುಡಿಯಲ್ಲೇ ತಿಳಿಸಿದರು. ಅಂದಿನ ನಾಟಕ ಕಂಪೆನಿಗಳು ಕೃತಿಯನ್ನು ಇದ್ದ ರೂಪದಲ್ಲಿ ಸ್ವೀಕರಿಸಲಿಲ್ಲ. ಅವರು ಸೂಚಿಸಿದ ಬದಲಾವಣೆಗಳನ್ನು ಲೇಖಕರು ಒಪ್ಪಲಿಲ್ಲ. ಹೀಗಾಗಿ ರಂಗಕ್ಕಾಗಿ ಬರೆದ ಕೃತಿ ಮೊದಲು ಓದುಗರ ಕೃತಿಯಾಗಿ ಬಾಳಿತು. ಆಗಾ ಹಶ್ರ್ ಕಾಶ್ಮೀರಿಯಂಥವರ ಪ್ರಾಸಬದ್ಧ ಅಬ್ಬರದ ಸಂಭಾಷಣೆಗಳಿಗೆ ಒಗ್ಗಿಹೋಗಿದ್ದ ಪಾರ್ಸಿ ರಂಗಭೂಮಿಗೆ ತಾಜರ ಸಂಯಮದ ಗದ್ಯ ಸಪ್ಪೆಯೆನಿಸಿರಬಹುದು.

ನಾಟಕಕ್ಕೆ ಮೂರು ಅಂಕಗಳು: ಪ್ರೇಮ, ನೃತ್ಯ, ಮರಣ. ನಾದಿರಾ ಎಂಬ ಹುಡುಗಿಗೆ ಚಕ್ರವರ್ತಿ 'ಅನಾರ್ಕಲಿ' ಎಂಬ ಬಿರುದು ಕೊಡುತ್ತಾನೆ, ಅಂದರೆ ದಾಳಿಂಬೆಯ ಮೊಗ್ಗು. ಅವಳಿಗೆ ಸುರಯ್ಯಾ ಎಂಬ ತಂಗಿ. ಅರಮನೆಯಲ್ಲಿ ಅದುವರೆಗೆ ಮೆಚ್ಚುಗೆಗೆ ಪಾತ್ರಳಾಗಿದ್ದ ದಿಲಾರಾಮ್ ಎಂಬ ದಾಸಿಯ ಎದೆಯಲ್ಲಿ ಮತ್ಸರದ ಕಿಡಿ ಹೊತ್ತಿಕೊಳ್ಳುತ್ತದೆ. ನವರೋಝ್ ಉತ್ಸವದ ರಾತ್ರಿ ಕನ್ನಡಿಗಳ ಮಹಲಿನಲ್ಲಿ, ರಾಜಕುಮಾರ ಮತ್ತು ನರ್ತಕಿಯ ಕಣ್ಣುಗಳು ಮಾತಾಡಿಕೊಳ್ಳುವುದನ್ನು ಅಕ್ಬರ್ ಕನ್ನಡಿಯೊಂದರಲ್ಲಿ ಕಾಣುವಂತೆ ಅವಳು ಏರ್ಪಾಡು ಮಾಡುತ್ತಾಳೆ. ಅಲ್ಲಿಂದ ಮುಂದಕ್ಕೆ ಕಥೆಯು ಇಳಿಜಾರಿನಲ್ಲಿ ಉರುಳುವ ಬಂಡೆಯಂತೆ. ಅನಾರ್ಕಲಿ ಗೋಡೆಯೊಳಗೆ ಸೇರುತ್ತಾಳೆ, ಮತ್ತೆ ಹೊರಬರುವುದಿಲ್ಲ. ಕೊನೆಗೆ ಉಳಿಯುವವನು ಮಗನ ಮೇಲೆ ಕಟ್ಟಿದ ಕನಸುಗಳೆಲ್ಲ ನುಚ್ಚುನೂರಾದ, ಕಿರೀಟದ ಅಡಿಯಲ್ಲಿ ಮುರಿದುಹೋದ ಒಬ್ಬ ತಂದೆ. ಇದು ಅನಾರ್ಕಲಿಯ ದುರಂತವೋ ಅಕ್ಬರನ ದುರಂತವೋ ಎಂದು ಉರ್ದು ವಿಮರ್ಶಕರು ಇಂದಿಗೂ ವಾದಿಸುತ್ತಾರೆ.

ಈ ಕಥೆಯ ಮೇಲೆ ಸಿನಿಮಾದವರ ಕಣ್ಣು ಬೇಗನೆ ಬಿತ್ತು. 1928ರ ಹೊತ್ತಿಗೇ ಎರಡು ಮೂಕಿ ಚಿತ್ರಗಳು, 1935ರಲ್ಲಿ ವಾಕ್ಚಿತ್ರ, 1953ರಲ್ಲಿ ಬೀನಾ ರಾಯ್ ಅಭಿನಯದ 'ಅನಾರ್ಕಲಿ', 1958ರಲ್ಲಿ ಪಾಕಿಸ್ತಾನದಲ್ಲಿ ನೂರ್‌ಜಹಾನ್ ಅಭಿನಯದ ಇನ್ನೊಂದು. ಇವೆಲ್ಲವನ್ನೂ ಮರೆಸಿದ್ದು ಕೆ. ಆಸಿಫ್‌ರ 'ಮುಘಲೆ ಆಝಮ್'. 1940ರ ದಶಕದಲ್ಲಿ ಚಂದ್ರಮೋಹನ್ ಮತ್ತು ನರ್ಗಿಸ್‌ರೊಂದಿಗೆ ಆರಂಭವಾದ ಕೆಲಸ ದೇಶವಿಭಜನೆಯ ಹೊಡೆತಕ್ಕೆ ನಿಂತುಹೋಯಿತು. ಹಣ ಹೂಡಿದ್ದ ಶೀರಾಝ್ ಅಲೀ ಹಕೀಮ್ ಪಾಕಿಸ್ತಾನಕ್ಕೆ ಹೊರಟುಹೋದರು, 1949ರಲ್ಲಿ ಚಂದ್ರಮೋಹನ್ ನಿಧನರಾದರು. ಶಾಪೂರ್‌ಜಿ ಪಲ್ಲೋನ್‌ಜಿಯವರ ಹಣಬಲದಿಂದ ಮತ್ತೆ ಚಿಗುರಿ ಚಿತ್ರವು ತೆರೆಕಂಡದ್ದು 1960ರ ಆಗಸ್ಟ್ 5ರಂದು, ಮುಂಬಯಿಯ ಮರಾಠಾ ಮಂದಿರದಲ್ಲಿ. ಸಂಭಾಷಣೆಗೆ ಅಮಾನ್, ಕಮಾಲ್ ಅಮ್ರೋಹಿ, ವಜಾಹತ್ ಮಿರ್ಝಾ, ಎಹ್ಸಾನ್ ರಿಝ್ವಿ ಎಂಬ ನಾಲ್ವರು, ಗೀತೆಗಳಿಗೆ ಶಕೀಲ್ ಬದಾಯೂನಿ, ಸಂಗೀತಕ್ಕೆ ನೌಷಾದ್. ಉರ್ದು ಭಾಷೆಯನ್ನು ಅದರ ಪೂರ್ಣ ಗಾಂಭೀರ್ಯದೊಂದಿಗೆ, ಅನಕ್ಷರಸ್ಥನಿಗೂ ಹೃದ್ಗತವಾಗುವಂತೆ ಕೋಟ್ಯಂತರ ಜನರ ಕಿವಿಗೆ ಮುಟ್ಟಿಸಿದ ಹಿರಿಮೆಯನ್ನು ಈ ಚಿತ್ರದಿಂದ ಯಾರೂ ಕಸಿಯಲಾರರು.

ನಾಟಕಕ್ಕಿಂತ ಚಿತ್ರ ಮೇಲಾಗಿರುವ ಕಡೆಗಳೂ ಇವೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕನ್ನಡಿಗಳ ಮಹಲಿನ ದೃಶ್ಯವನ್ನೇ ನೋಡಿ. ನಾಟಕದಲ್ಲಿ ಅನಾರ್ಕಲಿ ದಿಲಾರಾಮಳ ಸಂಚಿನ ಬಲೆಗೆ ಬೀಳುವ ಜಿಂಕೆ. ಚಿತ್ರದಲ್ಲಿ ಅವಳು ಎಲ್ಲವನ್ನೂ ಅರಿತೇ ಚಕ್ರವರ್ತಿಯ ಎದುರು ನಿಲ್ಲುತ್ತಾಳೆ. ತಾನು ಅಂಜುವುದಿಲ್ಲವೆಂದು ಸಾರುತ್ತಾಳೆ. ಚಾವಣಿಯ ನೂರಾರು ಕನ್ನಡಿಗಳಲ್ಲಿ ಅವಳ ಬಿಂಬ ಮೂಡಿದಾಗ ಸಾಮ್ರಾಟನಿಗೆ ಕಣ್ಣು ಹೊರಳಿಸಲು ಜಾಗವೇ ಉಳಿಯುವುದಿಲ್ಲ. ನೃತ್ಯ-ಗಾನಗಳ ಬಗ್ಗೆ ನಮ್ಮ ನಿಲುವು ಏನೇ ಇರಲಿ, ನಿರಂಕುಶ ಅಧಿಕಾರದೆದುರು ನಿರಾಯುಧಳೊಬ್ಬಳ ಸತ್ಯ ಎಷ್ಟು ದೊಡ್ಡದಾಗಬಲ್ಲದೆಂಬುದನ್ನು ರಂಗಭೂಮಿಗೆ ಸಾಧ್ಯವಿಲ್ಲದ ರೀತಿಯಲ್ಲಿ ಅಲ್ಲಿ ತೋರಿಸಲಾಗಿದೆ. ಯಾರಿಗೂ ತಲೆಬಾಗದೆ ದೊರೆಯ ಮುಖಕ್ಕೇ ಮಾತಾಡುವ ಶಿಲ್ಪಿಯ ಪಾತ್ರವೂ ಚಿತ್ರಕ್ಕೆ ಹೊಸ ಕಸುವು ತಂದಿದೆ.

ಆದರೆ ಮುಕ್ತಾಯಕ್ಕೆ ಬಂದಾಗ ಚಿತ್ರ ಹಿಂಜರಿಯಿತು. ಸಲೀಮನ ಜನನದ ಸುದ್ದಿ ತಂದ ದಾಸಿಗೆ ಅಕ್ಬರ್ ಉಂಗುರವೊಂದನ್ನು ಕೊಟ್ಟು, ಏನು ಕೇಳಿದರೂ ನಡೆಸಿಕೊಡುವೆನೆಂದು ಮಾತು ಕೊಟ್ಟಿರುತ್ತಾನೆ. ಅವಳೇ ಅನಾರ್ಕಲಿಯ ತಾಯಿ. ಗೋಡೆ ಮೇಲೇರುವ ಹೊತ್ತಿಗೆ ಆ ತಾಯಿ ಉಂಗುರ ಹಿಡಿದು ಬರುತ್ತಾಳೆ; ಮಾತಿಗೆ ಕಟ್ಟುಬಿದ್ದ ಚಕ್ರವರ್ತಿ ಗುಪ್ತ ಸುರಂಗದ ಮೂಲಕ ತಾಯಿ-ಮಗಳನ್ನು ರಾಜ್ಯದಾಚೆ ಕಳುಹಿಸುತ್ತಾನೆ. ಸಲೀಮನಿಗೆ ಇದು ತಿಳಿಯಬಾರದೆಂಬುದು ಷರತ್ತು. ಅಂದರೆ ಚಿತ್ರದ ಅಕ್ಬರ್ ಕೊಲ್ಲುವುದಿಲ್ಲ. ಕೊಂದನೆಂಬ ಅಪವಾದವನ್ನು ಮಾತ್ರ ಹೊರುತ್ತಾನೆ. ಹುಡುಗಿಯ ಸಾವಿನಲ್ಲಿ ಮುಗಿದಿದ್ದ ನಾಟಕವು ಚಕ್ರವರ್ತಿಯ ತ್ಯಾಗದಲ್ಲಿ ಮುಗಿಯುವ ಚಿತ್ರವಾಯಿತು. ಹೆಸರೇ ಅದನ್ನು ಹೇಳುತ್ತದೆ: ತಾಜ್ ತಮ್ಮ ಕೃತಿಗೆ ಹುಡುಗಿಯ ಹೆಸರಿಟ್ಟರು, ಆಸಿಫ್ ದೊರೆಯ ಬಿರುದನ್ನಿಟ್ಟರು.

ಈ ಬದಲಾವಣೆ ಏಕಾಯಿತೆಂಬುದು ಊಹೆಗೆ ನಿಲುಕದ್ದೇನಲ್ಲ. ಚಿತ್ರ ತೆರೆದುಕೊಳ್ಳುವುದೇ ಭೂಪಟದ ರೂಪದಲ್ಲಿ ಮೇಲೆದ್ದು ಬರುವ ಹಿಂದುಸ್ತಾನದ ಧ್ವನಿಯಿಂದ. ತನ್ನನ್ನು ಪ್ರೀತಿಸಿದ ದೊರೆಯೆಂದು ಆ ಧ್ವನಿ ಅಕ್ಬರನನ್ನು ಪರಿಚಯಿಸುತ್ತದೆ. ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲ. ಈ ಮಣ್ಣಿನ ಮೇಲೆ ಮುಸ್ಲಿಮನಿಗೂ ಹಕ್ಕಿದೆ, ಅವನ ಪೂರ್ವಜರು ಇದನ್ನು ತಮ್ಮದೆಂದೇ ಬಾಳಿದರು ಎಂದು ಹೇಳಬೇಕಾಗಿದ್ದ ಕಾಲ. ಜನ್ಮಾಷ್ಟಮಿಯನ್ನು ಆಚರಿಸುವ ಅರಮನೆ, ಪಕ್ಕದಲ್ಲಿ ರಜಪೂತ ರಾಣಿ, ಬಲಗೈಯಾಗಿ ರಾಜಾ ಮಾನ್‌ಸಿಂಗ್. ಇಂಥ ದೊರೆಯ ಕೈಗೆ ನಿರಪರಾಧಿಯ ರಕ್ತ ಮೆತ್ತಲು ನಿರ್ದೇಶಕರಿಗೆ ಮನಸ್ಸು ಬರಲಿಲ್ಲ. ಅಂದಿನ ಆ ಅಗತ್ಯವನ್ನು ನಾವು ಅರ್ಥಮಾಡಿಕೊಳ್ಳುತ್ತೇವೆ, ಗೌರವಿಸುತ್ತೇವೆ ಕೂಡ. ಆದರೆ ಅಗತ್ಯವು ಚರಿತ್ರೆಯಲ್ಲ. ಅಂದು ಸೌಹಾರ್ದದ ಅಗತ್ಯಕ್ಕೆ ಅಕ್ಬರನನ್ನು ತಿದ್ದಿದ ಕುಂಚ ಇಂದು ದ್ವೇಷದ ಅಗತ್ಯಕ್ಕೆ ಇನ್ನೊಬ್ಬ ಅರಸನನ್ನು ತಿದ್ದುತ್ತಿದೆ. ಕುಂಚ ಹಿಡಿದ ಕೈ ಬದಲಾಗಿದೆ, ಅಷ್ಟೇ.

ಹಾಗಾದರೆ ಚರಿತ್ರೆ ಏನು ಹೇಳುತ್ತದೆ? ಅಬುಲ್ ಫಝಲ್ ಅನಾರ್ಕಲಿಯ ಹೆಸರೆತ್ತುವುದಿಲ್ಲ. ಅವನು ಆಸ್ಥಾನದ ಲೇಖಕ, ಮುಚ್ಚಿಟ್ಟಿರಬಹುದೆನ್ನೋಣ. ಅಕ್ಬರನ ತಪ್ಪುಗಳನ್ನು ಹುಡುಕಿ ಹುಡುಕಿ ದಾಖಲಿಸಿದ ಮುಲ್ಲಾ ಅಬ್ದುಲ್ ಕಾದಿರ್ ಬದಾಯೂನಿಯೂ ಎತ್ತುವುದಿಲ್ಲ. ತನ್ನ ಮದ್ಯವ್ಯಸನವನ್ನೂ ಅಬುಲ್ ಫಝಲ್‌ನ ಕೊಲೆ ಮಾಡಿಸಿದ್ದನ್ನೂ ಆತ್ಮಕಥೆಯಲ್ಲಿ ಅಳುಕಿಲ್ಲದೆ ಬರೆದ ಜಹಾಂಗೀರನೂ ಈ ವಿಷಯದಲ್ಲಿ ಮೌನಿ. ಕಥೆಯ ಮೊದಲ ಸುಳಿವು ಸಿಗುವುದು 1611ರಲ್ಲಿ ಲಾಹೋರಿಗೆ ಬಂದಿದ್ದ ವಿಲಿಯಮ್ ಫಿಂಚ್ ಎಂಬ ಇಂಗ್ಲಿಷ್ ವರ್ತಕನ ಬರಹದಲ್ಲಿ. ಅವನ ಅನಾರ್ಕಲಿ ನರ್ತಕಿಯಲ್ಲ, ಅಕ್ಬರನ ಪತ್ನಿಯರಲ್ಲೊಬ್ಬಳು, ರಾಜಕುಮಾರ ದಾನಿಯಾಲನ ತಾಯಿ! (ಈ ದಾನಿಯಾಲ್ ನಮ್ಮ ಬಿಜಾಪುರದ ಎರಡನೇ ಇಬ್ರಾಹೀಮ್ ಆದಿಲ್ ಶಾಹನ ಅಳಿಯ, 1604ರಲ್ಲಿ ಆದ ಮದುವೆ.) ಪರದೇಶದ ವ್ಯಾಪಾರಿಯೊಬ್ಬ ಪೇಟೆಯಲ್ಲಿ ಕೇಳಿ ಬರೆದ ವದಂತಿ ಕಾಲಾನಂತರ ನಮ್ಮದೇ ಜನರ ಬಾಯಲ್ಲಿ ಬೆಳೆದು, ಅಂತಃಪುರದ ಅಪವಾದದಿಂದ ಅಮರ ಪ್ರೇಮಕಥೆಯಾಯಿತು. ದುಷ್ಟನೊಬ್ಬ ಸುದ್ದಿ ತಂದರೆ ಪರಿಶೀಲಿಸಿರಿ ಎಂಬ 'ಅಲ್ ಹುಜುರಾತ್' ಅಧ್ಯಾಯದ ಎಚ್ಚರಿಕೆ, ಕೇಳಿದ್ದನ್ನೆಲ್ಲ ಆಡಿಬಿಡುವುದೇ ಸುಳ್ಳುಗಾರನೆನಿಸಲು ಸಾಕೆಂಬ ಪ್ರವಾದಿವರ್ಯರ(ಸ) ತಿಳಿವಳಿಕೆ, ವರದಿಗಾರರ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಪರೀಕ್ಷಿಸಿದ ಹದೀಸ್ ವಿದ್ವಾಂಸರ ಪರಂಪರೆ, ಇಷ್ಟೆಲ್ಲ ಇರುವ ಸಮುದಾಯ ನಮ್ಮದು.

ಚಿತ್ರದ ಇತರ ಸಂಗತಿಗಳೂ ಇದೇ ಬಗೆ. ಪುತ್ರಸಂತಾನ ಬೇಡಿ ಅಕ್ಬರ್ ಸುಡುವ ಮರಳಿನಲ್ಲಿ ಬರಿಗಾಲಲ್ಲಿ ನಡೆಯುವ ದೃಶ್ಯ ಮನಮುಟ್ಟುವಂಥದ್ದು; ಆದರೆ ಅವನ ಪ್ರಸಿದ್ಧ ಪಾದಯಾತ್ರೆ ನಡೆದದ್ದು ಸಲೀಮ್ ಹುಟ್ಟಿದ ಮೇಲೆ, 1570ರಲ್ಲಿ, ಕೃತಜ್ಞತೆಯ ಹರಕೆಯಾಗಿ, ಆಗ್ರಾದಿಂದ ಅಜ್ಮೇರಿಗೆ. ಶೈಖ್ ಸಲೀಮ್ ಚಿಶ್ತಿ ಆಗಿನ್ನೂ ಜೀವಂತರಿದ್ದರು, 1572ರವರೆಗೆ. ರಾಣಿ 'ಜೋಧಾ'ಳ ಹೆಸರೂ ಸಮಕಾಲೀನ ಆಕರಗಳಲ್ಲಿಲ್ಲ. ಅಂಬೇರಿನ ಭಾರಮಲ್ಲನ ಆ ಮಗಳನ್ನು ಅವು ಕರೆಯುವುದು ಮರ್ಯಮುಝ್ಝಮಾನಿ ಎಂದು. ಸಲೀಮ್ ದಂಗೆಯೆದ್ದದ್ದು ನಿಜ. 1600ರಲ್ಲಿ ತಂದೆ ದಕ್ಕನ್‌ನ ಅಸೀರ್‌ಗಢ ಮುತ್ತಿಗೆಯಲ್ಲಿದ್ದಾಗ ಅವನು ಅಲಹಾಬಾದಿನಲ್ಲಿ ಬೇರೆ ದರ್ಬಾರು ಹೂಡಿದ. ಆಗ ಅವನಿಗೆ ಮೂವತ್ತು ದಾಟಿತ್ತು, ಹಲವು ಪತ್ನಿಯರಿದ್ದರು, ಹಿರಿಯ ಮಗ ಖುಸ್ರೋ ಹದಿಮೂರರ ಹುಡುಗ. ಅವನ ಕಣ್ಣಿದ್ದದ್ದು ಸಿಂಹಾಸನದ ಮೇಲೆ. ಭಾರತೀಯ ಸೇನೆಯ ಯೋಧರನ್ನೇ ಬಳಸಿ ಆಸಿಫ್ ಚಿತ್ರಿಸಿದ ಆ ಭವ್ಯ ತಂದೆ-ಮಗನ ಕದನ ನಡೆಯಲೇ ಇಲ್ಲ. ಅರಮನೆಯ ಹಿರಿಯ ಹೆಂಗಸರು, ಮುಖ್ಯವಾಗಿ ಸಲೀಮಾ ಸುಲ್ತಾನ್ ಬೇಗಮ್, ನಡುವೆ ನಿಂತು ರಾಜಿ ಮಾಡಿಸಿದರು. ಕತ್ತಿಯ ಕೆಲಸವನ್ನು ಮಾತು ಮಾಡಿದ ಈ ವೃದ್ಧ ಮಹಿಳೆಯರ ಕಥೆ ಯಾವ ಚಿತ್ರಕ್ಕೂ ಬೇಡವಾಗಿರುವುದು ನಮಗೆ ಸೋಜಿಗ.

ಇನ್ನು ಚಿತ್ರವು ಕೇಂದ್ರದಲ್ಲಿಟ್ಟಿರುವ ನ್ಯಾಯದ ವಿಷಯ. ಪ್ರೇಕ್ಷಕನ ಮುಂದೆ ಬೃಹತ್ತಾದ ತಕ್ಕಡಿಯನ್ನು ನಿಲ್ಲಿಸಿ, ಅಕ್ಬರನ ಕಾಠಿಣ್ಯವೆಲ್ಲ ನ್ಯಾಯನಿಷ್ಠೆಯಿಂದ ಹುಟ್ಟಿದ್ದೆಂದು ಚಿತ್ರ ನಂಬಿಸುತ್ತದೆ. ಯಾವ ನ್ಯಾಯ? ದಾಸಿ ರಾಣಿಯಾಗಬಾರದೆಂಬುದು ಇಸ್ಲಾಮಿನ ನಿಯಮವಲ್ಲ. ವಿಶ್ವಾಸಿನಿಯಾದ ದಾಸಿಯನ್ನು ವಿವಾಹವಾಗಲು ಕುರ್‌ಆನ್ ಮಾರ್ಗ ತೆರೆದಿದೆ. ಫಿಕ್‌ಹ್ ವಿದ್ವಾಂಸರು ಚರ್ಚಿಸುವ 'ಕಫಾಅತ್', ಅಂದರೆ ವಧೂವರರ ಸಮಾನತೆ, ವಧುವಿನ ಹಿತಕ್ಕಾಗಿ ವರನಲ್ಲಿ ನೋಡುವ ಅರ್ಹತೆಯೇ ಹೊರತು ವರನ ವಂಶದ ಪ್ರತಿಷ್ಠೆಗಾಗಿ ವಧುವನ್ನು ಅಳೆಯುವ ಮಾನದಂಡವಲ್ಲ. ಅಬ್ಬಾಸಿ ಖಲೀಫ ಮಾಮೂನನ ತಾಯಿ ಮರಾಜಿಲ್ ಓರ್ವ ಪಾರಸಿಕ ದಾಸಿ. ಹೀಗಿರುವಾಗ ಅನಾರ್ಕಲಿಯ ಅಪರಾಧವಾದರೂ ಯಾವುದು? ಖಾಝಿಯಿಲ್ಲ, ಸಾಕ್ಷಿಯಿಲ್ಲ, ವಾದ-ಪ್ರತಿವಾದವಿಲ್ಲ; ದೊರೆಯ ಸಿಟ್ಟೇ ಶಾಸನ. ಮಖ್ಝೂಮ್ ಗೋತ್ರದ ಕುಲೀನ ಸ್ತ್ರೀಯೊಬ್ಬಳ ಪರವಾಗಿ ಶಿಫಾರಸು ಬಂದಾಗ, ಸ್ವಂತ ಮಗಳು ಫಾತಿಮಾರ(ರ) ಹೆಸರನ್ನೇ ಉದಾಹರಿಸಿ ಕಾನೂನಿನ ಮುಂದೆ ಕುಲೀನರಿಗೆ ರಿಯಾಯಿತಿಯಿಲ್ಲವೆಂದು ಪ್ರವಾದಿವರ್ಯರು(ಸ) ಸಾರಿದರು. ಚಿತ್ರದ ತಕ್ಕಡಿಯಲ್ಲಿ ಒಂದು ತಟ್ಟೆಗೆ ರಾಜಕುಮಾರ, ಇನ್ನೊಂದಕ್ಕೆ ದಾಸಿ. ಸಾವಿನ ಕಡೆಗೆ ತೂಗಿದ್ದು ಯಾರೆಂದು ಹೇಳಬೇಕಾಗಿಲ್ಲ. ಮೊಗಲರ ದರ್ಬಾರಿನ ಪದ್ಧತಿಯನ್ನು ಇಸ್ಲಾಮೀ ನ್ಯಾಯವೆಂದು ಭ್ರಮಿಸಿ, ಹೊಗಳುವವರು ಹೊಗಳಿದರೆ ತೆಗಳುವವರು ತೆಗಳುತ್ತಾರೆ. ಎರಡೂ ಗುಂಪು ಒಂದೇ ಎಡವುಗಲ್ಲಿಗೆ ಎಡವಿವೆ.

ಈ ದೃಷ್ಟಿಯಿಂದ ನೋಡಿದರೆ, ಚರಿತ್ರೆಯಲ್ಲವೆಂದು ತಾನೇ ಒಪ್ಪಿಕೊಂಡ ನಾಟಕವು ಚರಿತ್ರೆಯಂತೆ ಮೆರೆದ ಚಿತ್ರಕ್ಕಿಂತ ಸತ್ಯಕ್ಕೆ ಹತ್ತಿರವಾಗಿದೆ ಎಂಬುದು ನಮ್ಮ ಅಭಿಪ್ರಾಯ. ಜೀವಂತ ಹೂಳಲ್ಪಟ್ಟ ಹೆಣ್ಣುಮಗುವಿನೊಡನೆ, ಯಾವ ಪಾಪಕ್ಕಾಗಿ ನಿನ್ನನ್ನು ಕೊಲ್ಲಲಾಯಿತೆಂದು ಅಂತ್ಯದಿನದಂದು ಕೇಳಲಾಗುವುದೆಂದು 'ಅತ್ತಕ್‌ವೀರ್' ಅಧ್ಯಾಯವು ನಮ್ಮನ್ನು ನಡುಗಿಸುತ್ತದೆ. ಪ್ರಶ್ನೆ ಹೋಗುವುದು ಕೊಂದವನ ಕಡೆಗಲ್ಲ, ಮಗುವಿನ ಕಡೆಗೆ. ಕೊಂದವನು ಮಾತಾಡಿಸಲೂ ಯೋಗ್ಯನಲ್ಲವೆಂಬಂತೆ. ತಾಜರ ನಾಟಕ ಆ ಪ್ರಶ್ನೆಯನ್ನು ಗೋಡೆಯ ಮುಂದೆ ಹಾಗೆಯೇ ಬಿಟ್ಟು ತೆರೆ ಎಳೆಯುತ್ತದೆ. ಆಸಿಫ್‌ರ ಸುರಂಗ ದೊರೆಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಡುತ್ತದೆ. ಪ್ರೇಕ್ಷಕ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ದೇಶಾಂತರ ಹೋದ ಆ ಹುಡುಗಿ ಮುಂದೆ ಎಲ್ಲಿ, ಯಾರ ಆಶ್ರಯದಲ್ಲಿ ಬದುಕಿದಳೆಂದು ಚಿತ್ರವೂ ಕೇಳುವುದಿಲ್ಲ, ನಾವೂ ಕೇಳಿಲ್ಲ.

2004ರಲ್ಲಿ ಚಿತ್ರಕ್ಕೆ ಪೂರ್ತಿಯಾಗಿ ಬಣ್ಣ ಬಳಿದು ಮತ್ತೆ ಬಿಡುಗಡೆ ಮಾಡಲಾಯಿತು, 2006ರಲ್ಲಿ ಅದು ಪಾಕಿಸ್ತಾನದ ಚಿತ್ರಮಂದಿರಗಳನ್ನು ತಲುಪಿತು. ಒಂದು ದಶಕದ ಬಳಿಕ ಫಿರೋಝ್ ಅಬ್ಬಾಸ್ ಖಾನ್ ಅದನ್ನು ಸಂಗೀತ ನಾಟಕವಾಗಿ ಮರಳಿ ರಂಗಕ್ಕೆ ತಂದರು. ಹೀಗೆ ರಂಗಕ್ಕೆ ಹಿಂದಿರುಗಿದ್ದು ತಾಜರ 'ಅನಾರ್ಕಲಿ'ಯಲ್ಲ, ಆಸಿಫ್‌ರ 'ಮುಘಲೆ ಆಝಮ್'. ನಡುವೆ 2023ರಲ್ಲಿ ಹನ್ನೆರಡನೆಯ ತರಗತಿಯ ಎನ್‌ಸಿಇಆರ್‌ಟಿ ಪಠ್ಯದಿಂದ ಮೊಗಲ್ ದರ್ಬಾರುಗಳ ಅಧ್ಯಾಯವನ್ನು ಕೈಬಿಡಲಾಯಿತು. ಪಠ್ಯದಲ್ಲಿ ಅಕ್ಬರ್ ಸಿಗದ ಮಕ್ಕಳು ಅವನನ್ನು ಪರದೆಯ ಮೇಲೆಯೇ ಹುಡುಕುವರು; ಅಲ್ಲಿ ಸಿಗುವವನು ದೇವತೆಯಾಗಿರುತ್ತಾನೆ ಅಥವಾ ರಾಕ್ಷಸನಾಗಿರುತ್ತಾನೆ.

ಲಾಹೋರಿನಲ್ಲಿ ಅನಾರ್ಕಲಿಯದೆಂದು ಹೇಳುವ ಗೋರಿ ಈಗಲೂ ಇದೆ. ಎಂಟು ಮೂಲೆಯ ಗಟ್ಟಿಮುಟ್ಟಾದ ಕಟ್ಟಡ. ಶಿಲೆಯ ಮೇಲೆ ಹಿಜರಿ 1008 ಮತ್ತು 1024 ಎಂಬ ಎರಡು ವರ್ಷಗಳು, ಅಂದರೆ 1599 ಮತ್ತು 1615. ಅಲ್ಲಾಹನ ತೊಂಬತ್ತೊಂಬತ್ತು ನಾಮಗಳು. ಸಲೀಮನ ಹೆಸರಿನ ಜೊತೆಗೆ ಒಂದು ಪಾರಸೀ ದ್ವಿಪದಿ. ಒಳಗಿರುವವಳು 1599ರಲ್ಲಿ ತೀರಿಕೊಂಡ ಜಹಾಂಗೀರನ ಪತ್ನಿ ಸಾಹಿಬ್ ಜಮಾಲ್ ಎಂದು ಕೆಲವು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಸಿಖ್ಖರ ಆಳ್ವಿಕೆಯಲ್ಲಿ ಅದು ರಾಜಕುಮಾರ ಖಡಕ್ ಸಿಂಗನ ನಿವಾಸವಾಯಿತು. ಬ್ರಿಟಿಷರು ಬಂದು ಇಗರ್ಜಿಯನ್ನಾಗಿಸಿದರು. 1891ರಿಂದ ಸರಕಾರಿ ದಾಖಲೆಗಳ ಭಂಡಾರ. ಗೋರಿಶಿಲೆಯನ್ನು ನಡುಮಧ್ಯದಿಂದ ಎತ್ತಿ ಬದಿಗೆ ಸರಿಸಲಾಗಿದೆ. ಸುತ್ತಲೂ ಕಪಾಟುಗಳು, ಕಪಾಟುಗಳ ತುಂಬ ಕಡತಗಳು. ಅವುಗಳ ನಡುವೆ ಮಲಗಿರುವವಳು ಯಾರೆಂದು ತಿಳಿಸುವ ಕಡತವೊಂದು ಮಾತ್ರ ಅಲ್ಲಿಲ್ಲ.